ಖಾಲಿ ಚೀಟಿಯ ಸಹಿ

ನನಗೆ ನಾಗನಾಥನ ಮೇಲೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಪತ್ತೆ ಹಚ್ಚಿದವರ ಹಾಗೆ ನನ್ನ ಮುಖಕ್ಕೆ ಹೇಳುವುದು ಬೇಡ. ಅವನ ಟೆರಿಲಿನ್ ಅಂಗಿ, ಹೊಸ ಸೈಕಲ್ಲು, ಹೆಂಡತಿಯ ಬಂಗಾರ ಎಲ್ಲ ಅವನಿಗೇ ಇರಲಿ. ನನ್ನ ಹೊಟ್ಟೆ ಉರಿಯುತ್ತಿದ್ದುದು ಚೀಟಿಗೆ.

1979ರ ಮಾತು. ಬಸವಕಲ್ಯಾಣದ ನಮ್ಮ ದವಾಖಾನೆಯಲ್ಲಿ ಎಕ್ಸ್‌ರೇ ಮಷಿನ್ ಇರಲಿಲ್ಲ. ಅದು ಹುಮನಾಬಾದಿನಲ್ಲಿತ್ತು, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಜನ ಅದಕ್ಕೆ ಫೋಟೋ ಅನ್ನುತ್ತಿದ್ದರು. ಫೋಟೋ ತೆಗೆಸಬೇಕಾದರೆ ಡಾಕ್ಟರ ಸಹಿ ಇರುವ ಚೀಟಿ ಬೇಕು. ನಮ್ಮ ಡಾಕ್ಟರ್ ಮಹಾರುದ್ರಪ್ಪನವರಿಗೆ ಇನ್ನೆರಡು ಊರಿನ ದವಾಖಾನೆಗಳ ಭಾರವೂ ಇತ್ತು. ಕಲ್ಯಾಣಕ್ಕೆ ಸೋಮವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಕೈಕಾಲು ಮುರಿದುಕೊಂಡವರು ಏನು ಮಾಡಬೇಕು? ಅದಕ್ಕೆ ಅವರೇ ಒಂದು ದಾರಿ ಹುಡುಕಿದ್ದರು. ಪ್ರತಿ ಸೋಮವಾರ ಹೋಗುವ ಮುಂಚೆ ಮೂವತ್ತು ಖಾಲಿ ಚೀಟಿಗೆ ಸಹಿ ಹಾಕಿ ಕಂಪೌಂಡರ್ ನಾಗನಾಥನ ಕೈಗೆ ಕೊಡುತ್ತಿದ್ದರು. ಹೆಸರು, ವಯಸ್ಸು, ಯಾವ ಎಲುಬು ಎಂಬುದನ್ನು ಅವನು ತುಂಬುತ್ತಿದ್ದ.

ನಾಗನಾಥ ಏಳನೆಯ ಇಯತ್ತೆ ಫೇಲು. ಅವನ ಸೋದರಮಾವ ಪಂಚಾಯತಿಯಲ್ಲಿದ್ದ. ಸೂಜಿ ಹಿಡಿಯುವುದನ್ನು ಅವನಿಗೆ ಕಲಿಸಿದವಳು ನಾನು. ಹಳೆ ಕುರ್ಚಿಯ ಮೆತ್ತೆಗೆ ಚುಚ್ಚಿ ಚುಚ್ಚಿ ಕಲಿಸಿದೆ.

ನಾನು ಮೀರಾಬಾಯಿ. ಮೋರಖಂಡಿಯ ಹೊಲಗೇರಿಯವಳು. ಹತ್ತನೆಯ ಇಯತ್ತೆ ಪಾಸು ಮಾಡಿ ಎರಡು ವರ್ಷ ನರ್ಸ್ ಟ್ರೇನಿಂಗ್ ಮುಗಿಸಿ ಬಂದವಳು. ಅಪ್ಪ ಸತ್ತ ಎತ್ತು ಹೊರುತ್ತಿದ್ದ. ಅವನ ಹೆಗಲ ಮೇಲೆ ಬಿದಿರಿನ ಗಾಯ ಯಾವಾಗಲೂ ಹಸಿಯಾಗಿರುತ್ತಿತ್ತು. ಆ ದುಡಿಮೆಯಲ್ಲಿ ನನ್ನನ್ನು ಓದಿಸಿದ. ನೌಕರಿಗೆ ಸೇರಿ ಒಂಬತ್ತು ವರ್ಷ ಆಗಿತ್ತು. ಸಹಿಯಾದ ಚೀಟಿಗಳು ಇರುತ್ತಿದ್ದುದು ಕಂಪೌಂಡರ್ ಕೋಣೆಯ ಕಪಾಟಿನಲ್ಲಿ. ಅದೇ ಕಪಾಟಿನಲ್ಲಿ ಚಹಾದ ಕಪ್ಪು, ಬಶಿ ಇದ್ದವು. ಹಾಗಾಗಿ ಆ ಕಪಾಟು ನಾನು ಮುಟ್ಟುವ ಹಾಗಿರಲಿಲ್ಲ.

ಮುರಿದ ಎಲುಬು ನನ್ನ ಬೆರಳಿಗೆ ತಿಳಿಯುತ್ತಿತ್ತು. ಇದು ಜಂಬವಲ್ಲ. ಒಂಬತ್ತು ವರ್ಷ ದಿನಕ್ಕೆ ಹತ್ತು ಕೈಕಾಲು ಮುಟ್ಟಿದರೆ ಯಾರಿಗಾದರೂ ತಿಳಿಯುತ್ತದೆ. ಸೋಮವಾರ ಡಾಕ್ಟರು ಮೇಜಿನಾಚೆ ಕುಳಿತು, ನಮ್ಮ ಕೇರಿಯ ಪೇಷಂಟ್ ಬಂದರೆ, "ಮೀರಾ, ಅದೇನದ ನೋಡು" ಅನ್ನುತ್ತಿದ್ದರು. ನಾನು ಮುಟ್ಟಿ ಹೇಳುತ್ತಿದ್ದೆ. ಅವರು ಬರೆಯುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಸಾಹೇಬ್ರ, ಆ ಚೀಟಿವಳಗ ಒಂದ್ ಹತ್ತು ನನ್ನ ಹಂತ್ಯಾಕ ಇಡ್ರಿ."

ಅವರು ನಕ್ಕರು. "ಅದು ನಿನ್ನ ಕೆಲಸ ಅಲ್ಲವಾ. ಫೋಟೋಕ್ಕ ಕಳಸೋದು ಡಾಕ್ಟರ್ ಕೆಲಸ. ಕಾನೂನು ಅದ."

ಕಾನೂನು ನಾಗನಾಥನಿಗೂ ಅಧಿಕಾರ ಕೊಟ್ಟಿರಲಿಲ್ಲ. ಅವನ ಹತ್ತಿರ ಕಪಾಟಿನ ಕೀಲಿ ಇತ್ತು. ಅವನು ಆ ನೀಲಿ ಚೀಟಿ ಹರಿಯುವಾಗ ಬರುವ ಚರ್ ಎನ್ನುವ ಸದ್ದು ವಾರ್ಡಿನ ಕೊನೆಗೆ ನಿಂತರೂ ನನಗೆ ಕೇಳುತ್ತಿತ್ತು. ಅನ್ನ ಸೇರುತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಹಳೆ ನೋಟ್‌ಬುಕ್ಕಿನ ಹಾಳೆಯಲ್ಲಿ ನಾನು ಚೀಟಿ ಬರೆದು ಕೆಳಗೆ ನನ್ನ ಸಹಿ ಹಾಕಿ ನೋಡುತ್ತಿದ್ದೆ. ಆಮೇಲೆ ಒಲೆಗೆ ಹಾಕುತ್ತಿದ್ದೆ. ಮದುವೆಯಾಗದವಳು ಇನ್ನೊಬ್ಬರ ತಾಳಿ ನೋಡಿದ ಹಾಗೆ ನಾನು ಅವನ ಚೀಟಿ ಪುಸ್ತಕ ನೋಡುತ್ತಿದ್ದೆ. ನಾಚಿಕೆ ಇಲ್ಲದೆ ಹೇಳುತ್ತಿದ್ದೇನೆ.

ಒಂದು ಮಂಗಳವಾರ ಯಶೋದಾಬಾಯಿ ಬಂದಳು.

ನಾರಾಯಣಪುರದ ಹೊಲಗೇರಿಯವಳು, ನಮ್ಮವಳೇ. ಇಪ್ಪತ್ತೆರಡರ ಹುಡುಗಿ. ಅವಳೂರಿನ ಬಸವಣಪ್ಪ ಎಂಬವನ ಹೊಲದಲ್ಲಿ ಬಾವಿ ತೋಡುತ್ತಿದ್ದರು. ಗಂಡಸರು ಕೆಳಗೆ ಹಾರೆ ಹಾಕುತ್ತಿದ್ದರು. ಹೆಂಗಸರು ಮೊರಂ ಮಣ್ಣಿನ ಬುಟ್ಟಿ ತಲೆಯ ಮೇಲೆ ಹೊತ್ತು ಮೆಟ್ಟಿಲಿಲ್ಲದ ಇಳಿಜಾರು ಹತ್ತಬೇಕು. ಬೆಳಗಿನಿಂದ ನಲವತ್ತು ಬುಟ್ಟಿ ಹತ್ತಿಸಿದ್ದಳಂತೆ. ನಲವತ್ತೊಂದಕ್ಕೆ ಕಾಲು ಜಾರಿತು. ಬಿದ್ದದ್ದು ಬಲಗೈ ಮೇಲೆ. ಅವಳ ಮಾವ ಅವಳನ್ನು ಸೈಕಲ್ ಮೇಲೆ ಕೂರಿಸಿ ತಳ್ಳಿಕೊಂಡು ಬಂದು ಬಿಟ್ಟು ಮತ್ತೆ ಕೆಲಸಕ್ಕೆ ಓಡಿದ. ಅರ್ಧ ದಿನದ ಹಾಜರಿ ಹೋಗುತ್ತದೆ ಎಂದು ಅವನಿಗೆ ಭಯ.

ನಾನು ಮೊಣಕೈ ಮುಟ್ಟಿದೆ. ಎಲುಬಿನ ತುದಿ ಎಲ್ಲಿರಬಾರದೋ ಅಲ್ಲಿ ಬಂದು ಕುಳಿತಿತ್ತು. ಮುಂಗೈಯ ನಾಡಿ ಹಿಡಿದೆ. ಸಿಕ್ಕಿತು, ಆದರೆ ಸಣ್ಣಗೆ. ಬೆರಳು ತಣ್ಣಗಿದ್ದವು. ಇದು ನನಗೆ ಗೊತ್ತಿತ್ತು. ಎಲುಬು ರಕ್ತನಾಳವನ್ನು ಅದುಮಿ ಹಿಡಿದರೆ ಕೈಗೆ ರಕ್ತ ಇಳಿಯುವುದಿಲ್ಲ. ಅದೇ ದಿನ ಸರಿ ಕೂಡಿಸಬೇಕು. ತಡವಾದರೆ ಕೈ ಒಣಗುತ್ತದೆ. ಪುಣ್ಯಕ್ಕೆ ಅಂದು ಮಂಗಳವಾರ. ಮಂಗಳವಾರ ಹುಮನಾಬಾದಿಗೆ ಕಲಬುರಗಿಯಿಂದ ಎಲುಬಿನ ಡಾಕ್ಟರು ಬರುತ್ತಿದ್ದರು, ಮೂರು ಗಂಟೆಯ ತನಕ ಇರುತ್ತಿದ್ದರು. ಫೋಟೋ ನೋಡದೆ ಅವರು ಕೈ ಹಾಕುತ್ತಿರಲಿಲ್ಲ.

ಗಂಟೆ ಒಂಬತ್ತೂವರೆ. ನಾನು ನಾಗನಾಥನ ಬಾಗಿಲಿಗೆ ಹೋಗಿ ನಿಂತೆ.

"ಒಂದ್ ಚೀಟಿ ಬೇಕು. ಮೊಣಕೈ ಮುರದದ."

ಅವನು ಹೊರಗೆ ಇಣುಕಿ ನೋಡಿದ. ಯಶೋದಾಬಾಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಸೀರೆಯ ತುಂಬ ಮೊರಂ.

"ಉಳುಕಿರ್ತದ. ಎಣ್ಣಿ ತಿಕ್ಕಿ ಪಟ್ಟಿ ಕಟ್ಟು."

"ಉಳುಕಲ್ಲ. ಮುರದದ. ನಾಡಿ ಬಡಿಯಾಕ ತ್ರಾಸ ಮಾಡಾಕತ್ತದ."

"ನೀ ಯಾವಾಗ ಡಾಕ್ಟರ್ ಆದಿ?" ಎಂದು ಅವನು ಕುರ್ಚಿ ಹಿಂದಕ್ಕೆ ವಾಲಿಸಿದ. "ಚೀಟಿ ಕಡಿಮಿ ಅವ. ಎಲ್ಲಾರಿಗೂ ಹಂಚಾಕ ಇದೇನು ಪ್ರಸಾದ ಅಲ್ಲ. ಕೇಳೋ ರೀತಿಲೆ ಕೇಳಿದ್ರ ನೋಡ್ತೀನಿ."

ಕೇಳುವ ರೀತಿ ನನಗೆ ಗೊತ್ತಿತ್ತು. ಸೆರಗು ಮುಂದೆ ಎಳೆದುಕೊಂಡು, ತಲೆ ಬಗ್ಗಿಸಿ, "ನೀವು ದೊಡ್ಡವರು, ನಿಮ್ಮ ಕಾಲಿಗೆ ಬೀಳ್ತೀನಿ" ಅನ್ನಬೇಕು. ಅಷ್ಟೇ. ಅಂದಿದ್ದರೆ ಕೊಡುತ್ತಿದ್ದ. ಅವನು ರಾಕ್ಷಸನೇನಲ್ಲ, ದೊಡ್ಡವನು ಅನ್ನಿಸಿಕೊಳ್ಳುವ ಚಟ ಅವನಿಗೆ. ಆದರೆ ಒಂಬತ್ತು ವರ್ಷದ ಕಿಚ್ಚು ಬಿಡಲಿಲ್ಲ. ನಾನು ಸೂಜಿ ಕಲಿಸಿದವನ ಕಾಲಿಗೆ ನಾನೇ ಬೀಳಬೇಕೆ? ಬೀಳಲಿಲ್ಲ. ವಾರ್ಡಿಗೆ ಹೋಗಿ ಬಿಳಿ ಹಾಳೆ ಹರಿದೆ. ದುಂಡಗೆ ಬರೆದೆ. ಯಶೋದಾಬಾಯಿ, ಇಪ್ಪತ್ತೆರಡು ವರ್ಷ, ಬಲಗೈ, ಮೊಣಕೈ ಮೇಲೆ ಮುರಿತ, ನಾಡಿ ಕ್ಷೀಣ, ಕೂಡಲೇ ಫೋಟೋ ಬೇಕು. ಕೆಳಗೆ ಸಹಿ ಹಾಕಿದೆ. ಮೀರಾಬಾಯಿ, ನರ್ಸ್.

ಒಲೆಗೆ ಹಾಕದೆ ಉಳಿದ ನನ್ನ ಮೊದಲ ಚೀಟಿ ಅದು. ನಿಜ ಹೇಳಬೇಕೆಂದರೆ, ಸುಖವಾಯಿತು.

ಕೈಗೆ ಬಿದಿರ ಪಟ್ಟಿ ಇಟ್ಟು ಸಡಿಲಾಗಿ ಕಟ್ಟಿದೆ. ಡ್ಯೂಟಿ ಬಿಟ್ಟು ಅವಳ ಜೊತೆ ಬಸ್ಸು ಹತ್ತಿದೆ. ಸಸ್ತಾಪುರ ಬಂಗ್ಲಾ ದಾಟುವಾಗ ರಸ್ತೆಯ ಪ್ರತಿ ಗುಂಡಿಗೂ ಅವಳು ಹಲ್ಲು ಕಚ್ಚುತ್ತಿದ್ದಳು. ಕೂಗಲಿಲ್ಲ. ಬುಟ್ಟಿ ಹೊರುವವರು ಕೂಗುವುದನ್ನು ಬೇಗ ಮರೆಯುತ್ತಾರೆ.

ಹುಮನಾಬಾದಿನಲ್ಲಿ ಫೋಟೋ ತೆಗೆಯುವವರು ಲಾಲ್ ಅಹ್ಮದ್. ಐವತ್ತು ದಾಟಿದವರು. ಫಿಲಂ ತೊಳೆಯುವ ಔಷಧಿ ಹತ್ತಿ ಉಗುರೆಲ್ಲ ಕಂದಾಗಿದ್ದವು. ನನ್ನ ಹಾಳೆಯನ್ನು ಎರಡು ಸಲ ಓದಿದರು.

"ಅಕ್ಷರ ಛಲೋ ಅದ. ಸಹಿ ಯಾರದು?"

"ನಂದು."

"ನರ್ಸ್ ಬರದ್ರ ನಡೆಯಂಗಿಲ್ಲ ಬಾಯಿ. ಡಾಕ್ಟರ್ ಸಹಿ ಬೇಕು."

"ಡಾಕ್ಟರ್ ಬರೋದು ಶುಕ್ರವಾರ. ಈ ಕೈ ಅಲ್ಲೀತನ ಉಳಿಯಂಗಿಲ್ಲ."

"ನಿಮ್ಮ ಕಡಿಂದ ದಿನಾ ಚೀಟಿ ಬರ್ತಾವಲ್ಲ?"

"ಅವು ಕಂಪೌಂಡರ್ ಬರೆಯೋವು. ಸಹಿ ಸೋಮವಾರನ ಆಗಿರ್ತದ. ಆ ಮಂದಿ ಮಾರಿ ಡಾಕ್ಟರ್ ನೋಡಿರಂಗಿಲ್ಲ. ನಾ ಈ ಕೈ ಮುಟ್ಟಿ ನೋಡೇನಿ."

ಲಾಲ್ ಅಹ್ಮದ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನಗೇನ್ ಗೊತ್ತಿಲ್ಲೇನು? ಹೋದ ತಿಂಗಳ ಎದಿ ಫೋಟೋ ಅಂತ ಚೀಟಿ ಬಂತು. ಬಂದಾಂವ ಕಾಲು ಕುಂಟಾಕತ್ತಿದ್ದ. ನಾ ಎದಿಗೇ ಹೊಡದೆ. ಸಹಿ ಇತ್ತು, ನನ್ನ ನೌಕರಿ ಉಳೀತು. ಸಹಿ ಇದ್ರ ನಾ ಎಮ್ಮಿಗೂ ಹೊಡೀತೀನಿ. ಇಲ್ಲಂದ್ರ ನಮ್ಮ ಅವ್ವ ಬಂದ್ರೂ ಇಲ್ಲ."

"ಎಲುಬಿನ ಡಾಕ್ಟರಿಗೆ ಕೇಳ್ಲೇನು?"

"ಕೇಳು. ಕೇಳಾಕ ಚೀಟಿ ಬೇಕಾಗಿಲ್ಲ."

ಕೇಳಿದೆ. ಎಲುಬಿನ ಡಾಕ್ಟರು ಒಬ್ಬ ಮುದುಕನ ಕಾಲಿಗೆ ಪ್ಲಾಸ್ಟರ್ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಕಲ್ಯಾಣದ ಪೇಷಂಟ್ ಕಲ್ಯಾಣದ ಚೀಟಿ ತರಬೇಕು. ಮೂರರ ತನಕ ಇರ್ತೀನಿ. ತಗೊಂಡು ಬಾ" ಎಂದರು.

ಯಶೋದಾಬಾಯಿಯನ್ನು ಲಾಲ್ ಅಹ್ಮದರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ತಿರುಗಿ ಹೋಗುವ ಬಸ್ಸು ಹಿಡಿದೆ. ಕಲ್ಯಾಣ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ದವಾಖಾನೆಯಲ್ಲಿ ನಾಗನಾಥ ಇರಲಿಲ್ಲ. ಕೀಲಿ ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡು ಮನೆಗೆ ಊಟಕ್ಕೆ ಹೋಗಿದ್ದ. ಅವನ ಮನೆಗೆ ಓಡಿದೆ. ಅಂಗಳದ ಹೊರಗೆ ನಿಂತು ಕೂಗಿದೆ.

"ಉಂಡು ಮಲಗ್ಯಾನ" ಎಂದಳು ಅವನ ತಾಯಿ. "ಎಬ್ಬಸಂಗಿಲ್ಲ. ಅಲ್ಲೇ ನಿಂದ್ರು, ಒಳಗ ಬರಬ್ಯಾಡ."

ನಿಂತೆ. ಕೂಗಿದೆ. ನಿಂತೆ. ಬಿಸಿಲಿಗೆ ಬೇವಿನ ಮರದ ನೆರಳು ಅಂಗಳದ ಒಳಗಿತ್ತು, ಹೊರಗಿರಲಿಲ್ಲ. ಅವನು ಎದ್ದು ಬಂದಾಗ ಗಂಟೆ ಎರಡೂಕಾಲು.

"ಯಾಕ, ಮುಂಜಾನಿ ನೀನೇ ಬರದ್ಯಲ್ಲ? ನಡೀಲಿಲ್ಲೇನು?"

ನಾನು ಕಾಲು ಹಿಡಿದೆ. ಅಂಗಳದ ಗಡಿಯಲ್ಲಿ, ಅವನ ತಾಯಿಯ ಕಣ್ಣೆದುರಿಗೆ, ಮಣ್ಣಿಗೆ ಹಣೆ ಹಚ್ಚಿ. ಏನೇನು ಅನ್ನಬೇಕೋ ಎಲ್ಲ ಅಂದೆ. ನನ್ನ ಬೆರಳು ಅವನ ಹೆಬ್ಬೆರಳಿಗೆ ತಾಕಿತು. ಅವನು ಹಿಂದೆ ಸರಿದ. ತಾಯಿ ತಂಬಿಗೆಯಲ್ಲಿ ನೀರು ತಂದಳು. ಅವನು ಮೊದಲು ಕಾಲು ತೊಳೆದುಕೊಂಡ. ಆಮೇಲೆ ಅಂಗಿ ಹಾಕಿಕೊಂಡು, ಸೈಕಲ್ಲು ತೆಗೆದು, ದವಾಖಾನೆಗೆ ಬಂದು ಕಪಾಟು ತೆಗೆದ. ನಾನು ಸೈಕಲ್ಲಿನ ಹಿಂದೆ ಓಡಿ ಬಂದಿದ್ದೆ. ಪುಸ್ತಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚೀಟಿ ಇದ್ದವು. ಅವನು "ಯಶೋದಾ, ಕೈ ಫೋಟೋ" ಎಂದು ಬರೆದ. ಯಾವ ಕೈ ಎಂದು ಬರೆಯಲಿಲ್ಲ. ಕೆಳಗೆ ಸಹಿ ನಿನ್ನೆಯೇ ಬಿದ್ದಿತ್ತು.

ನಾನು ಹುಮನಾಬಾದಿಗೆ ತಿರುಗಿ ಬಂದಾಗ ನಾಲ್ಕು ಹೊಡೆದಿತ್ತು. ಎಲುಬಿನ ಡಾಕ್ಟರ ಜೀಪು ಇರಲಿಲ್ಲ.

ಲಾಲ್ ಅಹ್ಮದ್ ಏನೂ ಕೇಳದೆ ಫೋಟೋ ತೆಗೆದರು. ಹಸಿ ಫಿಲಂ ಬೆಳಕಿಗೆ ಹಿಡಿದು ನನ್ನನ್ನು ಕರೆದರು. "ನೀ ಬರದಾಂಗನ ಅದ ನೋಡು" ಎಂದರು. ಹೌದು, ನಾನು ಬರೆದ ಹಾಗೆಯೇ ಇತ್ತು. ಎಲುಬಿನ ತುದಿ ನನ್ನ ಬೆರಳು ಹೇಳಿದ ಕಡೆಯೇ ಕುಳಿತಿತ್ತು. ನನಗೆ ಖುಷಿಯಾಯಿತು. ಒಂದು ಕ್ಷಣ, ದೇವರಾಣೆ, ಖುಷಿಯಾಯಿತು. ನಾಗನಾಥನನ್ನು ಅಲ್ಲಿಗೆ ಎಳೆದು ತಂದು ತೋರಿಸಬೇಕು ಅನ್ನಿಸಿತು. ನನ್ನ ಪಕ್ಕದಲ್ಲೇ ಯಶೋದಾಬಾಯಿಯ ಬೆರಳು ನೀಲಿಯಾಗಿದ್ದವು.

ಸಂಜೆಯ ಬಸ್ಸಿಗೆ ಅವಳನ್ನು ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದೆ. ಅಲ್ಲಿ ಮರುದಿನ ಬೆಳಿಗ್ಗೆ ಕೊಯ್ದರು. ಎಲುಬು ಕೂಡಿಸಿದರು. ಬೆರಳಿಗೆ ಜೀವ ತರಲು ಅವರಿಗೂ ಆಗಲಿಲ್ಲ. ಹದಿನೈದು ದಿನಕ್ಕೆ ನಾನೇ ಮತ್ತೆ ಹೋಗಿ ಅವಳನ್ನು ಊರಿಗೆ ಕರೆತರುವಾಗ ಬೆರಳು ಒಳಗೆ ಮಡಚಿಕೊಂಡಿದ್ದವು. ಬುಟ್ಟಿ ಹಿಡಿಯುವ ಕೈ ಅದು, ರೊಟ್ಟಿ ಬಡಿಯುವ ಕೈ. ಬಸ್ಸಿನಲ್ಲಿ ಅವಳು ಕೇಳಿದಳು.

"ಅಕ್ಕಾ, ಮುಂಜಾನಿ ಅಂವ ಕೇಳೋ ರೀತಿಲೆ ಕೇಳು ಅಂದಾಗ ಯಾಕ ಕೇಳಲಿಲ್ಲ? ನಾ ಕಟ್ಟಿ ಮ್ಯಾಲಿಂದ ಕೇಳಸ್ಕೊಂಡೆ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಹೊಟ್ಟಿಕಿಚ್ಚು" ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. "ಹೊಟ್ಟಿ ನಿಂದು, ಕೈ ನಂದು" ಎಂದಳು.

ಆ ವಾರ ನನಗೆ ಮೆಮೋ ಬಂತು. ಒಂದು, ಕರ್ತವ್ಯದ ವೇಳೆ ಬಿಟ್ಟು ಹೋದದ್ದು. ಎರಡು, ಅಧಿಕಾರವಿಲ್ಲದೆ ಎಕ್ಸ್‌ರೇಗೆ ಶಿಫಾರಸು ಬರೆದದ್ದು. ಬರೆದ ಹಾಳೆ ಮೆಮೋಗೆ ಲಗತ್ತಾಗಿತ್ತು. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ನಾನು ಲಾಲ್ ಅಹ್ಮದರನ್ನು ಕೇಳಲಿಲ್ಲ. ಅವರಿಗೂ ನೌಕರಿ ಇದೆ. ಯಶೋದಾಬಾಯಿಯ ಕೈ ಬಗ್ಗೆ ಮೆಮೋದಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಸೋಮವಾರ ಡಾಕ್ಟರ್ ಮಹಾರುದ್ರಪ್ಪ ನನ್ನನ್ನು ಕರೆದರು. ಹೊರಡುವ ಹೊತ್ತು. ಮೇಜಿನ ಮೇಲೆ ಹೊಸ ನೀಲಿ ಪುಸ್ತಕ ಇತ್ತು. ಪಕ್ಕದಲ್ಲಿ ನಾಗನಾಥ ನಿಂತಿದ್ದ. ಹೊರಗೆ ಡ್ರೆಸ್ಸಿಂಗ್‌ಗೆ ಬಂದವರ ಸಾಲಿನಲ್ಲಿ ಯಶೋದಾಬಾಯಿಯೂ ಇದ್ದಳು.

"ಎರಡ್ ಸಾಲು ಬರದು ಕೊಡವಾ ಮೀರಾ" ಎಂದರು ಡಾಕ್ಟರು. ದನಿ ಮೆತ್ತಗಿತ್ತು. "ತಪ್ಪಾಯ್ತು, ಮಾಫಿ ಮಾಡ್ರಿ, ಇನ್ನ ಬರೆಯಂಗಿಲ್ಲ ಅಂತ. ನಾ ಮ್ಯಾಲೆ ಕಳಸ್ತೀನಿ. ಮುಗೀತದ."

"ಬರೆಯಂಗಿಲ್ರಿ."

"ನೌಕರಿ ಹೋಗ್ತದ."

"ಗೊತ್ತದ್ರಿ."

"ತಪ್ಪು ಮಾಡಿಲ್ಲಂತಿಯೇನು ಮತ್ತ?"

"ಮಾಡೇನ್ರಿ. ಮುಂಜಾನಿ ಇವನ ಕಾಲ ಹಿಡೀಲಿಲ್ಲ, ಅದೊಂದು ತಪ್ಪು. ಮಧ್ಯಾಹ್ನ ಹಿಡದೆ, ಅದೊಂದು ತಪ್ಪು. ಎರಡರಾಗ ಯಾವದಕ್ಕ ಮಾಫಿ ಕೇಳ್ಲಿ ನೀವ ಹೇಳ್ರಿ. ಚೀಟಿ ಬರದಿದ್ದು ತಪ್ಪಲ್ಲ. ಫೋಟೋದಾಗ ಬಂದದ್ದು ನಾ ಬರದಿದ್ದನ. ನೀವು ಸಹಿ ಮಾಡಿದ ಚೀಟ್ಯಾಗ ಎಡಗೈಯೋ ಬಲಗೈಯೋ ಅಂತಾನೂ ಇದ್ದಿಲ್ಲ."

ನಾಗನಾಥ, "ಬಾಯಿ ಬಿಗಿ ಹಿಡಿ" ಎಂದ. ಡಾಕ್ಟರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ. ಕೆಟ್ಟವರಲ್ಲದವರ ಸಿಟ್ಟು ಬೇರೆ ಥರ ಇರುತ್ತದೆ, ಕೇಳಿಸದವರ ಹಾಗೆ ಕೆಲಸಕ್ಕೆ ಕೈ ಹಾಕುತ್ತಾರೆ. ಅವರು ಪೆನ್ನಿನ ಟೊಪ್ಪಿಗೆ ತೆಗೆದು ಚೀಟಿ ಪುಸ್ತಕ ಎಳೆದುಕೊಂಡರು. ಮೊದಲನೆಯ ಖಾಲಿ ಚೀಟಿಗೆ ಪೆನ್ನು ಇಳಿಯಬೇಕು.

ಆಗ ಯಶೋದಾಬಾಯಿ ಒಳಗೆ ಬಂದಳು. ಯಾರೂ ಕರೆದಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಎಡಗೈಯಿಂದ ಬಲಗೈ ಎತ್ತಿ ಆ ಪುಸ್ತಕದ ಮೇಲೆ ಇಟ್ಟಳು. ಬೆರಳು ಮಡಚಿದ, ಬಣ್ಣಗೆಟ್ಟ, ಹೊಲಿಗೆಯ ಗುರುತಿನ ಕೈ ಸಹಿಯ ಜಾಗದ ಮೇಲೇ ಬಿದ್ದಿತ್ತು.

"ಏ, ತಗಿ ಕೈ" ಎಂದರು ಡಾಕ್ಟರು.

"ತಗಿಯಂಗಿಲ್ರಿ. ಬೇಕಾದ್ರ ನೀವ ಮುಟ್ಟಿ ಸರಸ್ರಿ."

ನಾಗನಾಥ ನುಗ್ಗಿದ. ಅವನ ಕೈ ಅವಳ ಕೈಯಿಂದ ಒಂದು ಗೇಣು ದೂರ ಬಂದು ಅಲ್ಲೇ ನಿಂತಿತು. ಡಾಕ್ಟರು ಪೆನ್ನು ಹಿಡಿದೇ ಇದ್ದರು. ಒಂಬತ್ತು ವರ್ಷದಲ್ಲಿ ಅವರು ಕೇರಿಯ ಯಾರ ಕೈಯನ್ನೂ ಮುಟ್ಟಿದ್ದು ನಾನು ನೋಡಿರಲಿಲ್ಲ. ಅವತ್ತೂ ಮುಟ್ಟಲಿಲ್ಲ. ಪುಸ್ತಕ ಅವಳ ಕೈಯ ಕೆಳಗೇ ಉಳಿಯಿತು. ಬಾಗಿಲಲ್ಲಿ ಜನ ಸೇರಿದರು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಎರಡು ಗಟ್ಟಿ ಕೈ, ಎರಡು ವರ್ಷದ ಟ್ರೇನಿಂಗು, ದುಂಡನೆಯ ಅಕ್ಷರ ಎಲ್ಲ ಇಟ್ಟುಕೊಂಡು ನಾನು ಇಷ್ಟು ದಿನ ಆ ಪುಸ್ತಕ ನನಗೆ ಬರಲಿ ಎಂದು ಜೊಲ್ಲು ಸುರಿಸಿದ್ದೆ. ಅದನ್ನು ಹೀಗೆ ಅದುಮಿ ಹಿಡಿಯಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅಕ್ಷರ ಬಾರದ ಹುಡುಗಿಗೆ, ಸತ್ತ ಕೈಯವಳಿಗೆ ಹೊಳೆಯಿತು. ಯಶೋದಾಬಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಾಗನಾಥನ ಮೇಲೆ ಯಾವತ್ತೂ ಆಗದಷ್ಟು ಆಯಿತು. ತಡೆಯಲಾಗಲಿಲ್ಲ.

ನಾನೂ ಹೋಗಿ ಅವಳ ಕೈಯ ಪಕ್ಕದಲ್ಲಿ ನನ್ನ ಕೈ ಇಟ್ಟೆ.